ಧ್ವನಿಮುದ್ರಿಕೆಯ ಪ್ರಾಮಾಣ್ಯವಿಚಾರ

ಸಂಗೀತದಲ್ಲಿ ಅಭಿಮಾನವುಳ್ಳ ತರುಣ ವಿದ್ಯಾವಂತರ ಬಾಯಲ್ಲಿ ಈಚೆಗೆ ಒಂದು ಮಾತು ಪದೇಪದೇ ಕೇಳಿಬರುತ್ತಿದೆ. “ಹಿಂದಿನ ಗಾಯಕರು ಹಾಗೆ ಹಾಡುತ್ತಿದ್ದರು, ಹೀಗೆ ಹಾಡುತ್ತಿದ್ದರು ಎಂದು ಹಿರಿಯರು ವರ್ಣಿಸುವುದನ್ನು ಇನ್ನು ಮೇಲೆ ಯಾರೂ ನಂಬಬೇಕಾದ ಅವಶ್ಯವಿಲ್ಲ. ಅವರ ಗ್ರಾಮಫೋನ್ ತಟ್ಟೆಗಳಲ್ಲಿದ್ದುದು ಈಗ ಬೇಕೆಂದವರ ಅಂಗೈಗೆ ಬಂದಿದೆ. ಕಿವಿಗೊಟ್ಟು ಕೇಳಿದರಾಯಿತು. ತಟ್ಟೆಯಲ್ಲಿ ಇರುವಷ್ಟೇ ಸತ್ಯ, ಉಳಿದುದು ಮುದುಕರ ಜ್ಞಾಪಕ, ಎಂದರೆ ಕಲ್ಪನೆ” ಎಂಬುದೇ ಆ ಮಾತು. ಇದನ್ನು ಆಡುವವರು ಅಜ್ಞರಲ್ಲ; ವಿಜ್ಞಾನವನ್ನು ಓದಿದವರು, ಸಂಗೀತವನ್ನು ನಿಜವಾಗಿ ಪ್ರೀತಿಸುವವರು. ಆದುದರಿಂದಲೇ ಇದನ್ನು ಕೇಳಿಯೂ ಕೇಳದವರಂತೆ ಇರಲಾಗುವುದಿಲ್ಲ. ಅಜ್ಞನ ಮಾತು ಜಗಲಿಯ ಮೇಲೆಯೇ ಉಳಿಯುತ್ತದೆ. ವಿದ್ಯಾವಂತನ ತಪ್ಪುಮಾತು ಪಾಠಪುಸ್ತಕವನ್ನು ಸೇರುತ್ತದೆ.

ಈ ವಾದದ ಫಲವೇನೆಂಬುದನ್ನು ಮೊದಲು ನೋಡೋಣ. 1902ನೆಯ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬುವನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡನು. ಆಕೆಯು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುವಳು. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಬೇಕಾಗಿದ್ದುದರಿಂದ ಅಲ್ಲಿನ ಕೆಲಸಗಾರರಿಗೆ ಗುರುತು ತಿಳಿಯಲೆಂದು ಮಾಡಿದ ಏರ್ಪಾಡು ಅದು. ಮೂರು ನಿಮಿಷಗಳ ಈ ಹಾಡನ್ನು ಇಂದಿನವರು ಕೇಳಿ, “ಕೀಚಲು ದನಿ, ಅವಸರದ ತಾನಗಳು, ಕೊನೆಯಲ್ಲೊಂದು ಕೂಗು, ನಮ್ಮ ಮುತ್ತಾತಂದಿರು ಮರುಳಾದುದು ಇದಕ್ಕೆಯೇ?” ಎಂದು ನಗುತ್ತಾರೆ. ಇದೇ ಗಾಯಕಿಯನ್ನು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಮೈಸೂರಿನ ಆಸ್ಥಾನಕ್ಕೆ ಬರಮಾಡಿಕೊಂಡರು. 1930ರ ಜನವರಿಯಲ್ಲಿ ಆಕೆಯು ಮೈಸೂರಿನಲ್ಲಿಯೇ ತೀರಿಕೊಂಡಳು. ವೀಣೆ ಶೇಷಣ್ಣನವರ ನಾದದಲ್ಲಿಯೂ ಬಿಡಾರಂ ಕೃಷ್ಣಪ್ಪನವರ ಗಾನದಲ್ಲಿಯೂ ಪಳಗಿದ್ದ ಆಸ್ಥಾನದ ಕಿವಿಗಳಿಗೆ ಗಾನಕ್ಕೂ ಕೀಚಲಿಗೂ ಭೇದವು ತಿಳಿಯದೆ ಹೋಯಿತೆಂದು ಹೇಳುವುದಕ್ಕಿಂತ, ತಟ್ಟೆಯನ್ನು ಕೇಳುವ ನಮ್ಮ ರೀತಿಯಲ್ಲಿಯೇ ಏನಾದರೂ ಕೊರತೆಯುಂಟೋ ಎಂದು ವಿಚಾರಿಸುವುದು ಹೆಚ್ಚು ಯುಕ್ತವಲ್ಲವೇ?

“ಕಿವಿಯು ಕೇಳಿದಷ್ಟೇ ಸತ್ಯ” ಎಂಬವರನ್ನು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಕಿವಿಯು ಎಷ್ಟನ್ನು ಕೇಳುತ್ತದೆ? “ಕಮಲ” ಎಂಬ ಮೂರಕ್ಷರದ ಪದವನ್ನು ತೆಗೆದುಕೊಳ್ಳಿರಿ. ಲಕಾರವು ಕಿವಿಗೆ ಬೀಳುವ ಹೊತ್ತಿಗೆ ಕಕಾರವೂ ಮಕಾರವೂ ಅಳಿದುಹೋಗಿವೆ. ಮೂರು ಅಕ್ಷರಗಳು ಒಂದೇ ಕಾಲದಲ್ಲಿ ಒಟ್ಟಿಗೆ ಯಾವ ಮನುಷ್ಯನ ಕಿವಿಗೂ ಎಂದೂ ಬಿದ್ದಿಲ್ಲ. ಆದರೂ ನಮಗೆ ಪದವು ತಿಳಿಯುತ್ತದೆ. ಹೇಗೆ? ಹಿಂದಿನ ವರ್ಣಗಳ ಸಂಸ್ಕಾರದೊಡನೆ ಕೂಡಿದ ಕಡೆಯ ವರ್ಣವೇ ಅರ್ಥವನ್ನು ತಿಳಿಸುತ್ತದೆಯೆಂದು ಮೀಮಾಂಸಕರು ಬಹುಕಾಲದ ಹಿಂದೆಯೇ ಹೇಳಿದರು. ವೈಯಾಕರಣರು ಸ್ಫೋಟವೆಂದು ಬೇರೊಂದನ್ನು ಹೇಳಿದರೂ, ಅದು ವ್ಯಕ್ತವಾಗಲು ಹಿಂದಿನ ಧ್ವನಿಗಳ ಸಂಸ್ಕಾರವು ಬೇಕೆಂಬುದನ್ನು ಅವರೂ ಬಿಡಲಿಲ್ಲ. ಪದದ ಪಾಡೇ ಹೀಗಾದ ಮೇಲೆ ರಾಗದ ಪಾಡೇನು? ಯಾವ ಕ್ಷಣದಲ್ಲಿ ನೋಡಿದರೂ ಗಾಯಕನ ಬಾಯಲ್ಲಿರುವುದು ಒಂದೇ ಸ್ವರ. ತೋಡಿಯಾಗಲಿ ಕಲ್ಯಾಣಿಯಾಗಲಿ ಯಾವ ಕ್ಷಣದಲ್ಲಿಯೂ ಗಾಳಿಯಲ್ಲಿಲ್ಲ. ಅದು ಇರುವುದು ಕೇಳುವವನ ಸ್ಮರಣೆಯಲ್ಲಿ. ಸ್ಮೃತಿಯನ್ನು ಕಳೆದು ಸಂಗೀತವನ್ನು ನಿರ್ಣಯಿಸುತ್ತೇನೆ ಎಂಬುವನು, ದಾರವನ್ನು ಕಿತ್ತೊಗೆದು ಹಾರದ ಅಂದವನ್ನು ನೋಡುತ್ತೇನೆ ಎಂದಂತೆಯೇ ಸರಿ.

ಇಲ್ಲಿ ಶಾಸ್ತ್ರವನ್ನು ಬಲ್ಲ ಪ್ರತಿಪಕ್ಷಿಯೊಬ್ಬನು ಎದ್ದು ನಿಲ್ಲಬಹುದು. “ಸ್ವಾಮೀ, ನಿಮ್ಮ ತರ್ಕಸಂಗ್ರಹದಲ್ಲಿಯೇ ಜ್ಞಾನವನ್ನು ಸ್ಮೃತಿ, ಅನುಭವ ಎಂದು ಎರಡಾಗಿ ಒಡೆದು, ಯಥಾರ್ಥಾನುಭವಕ್ಕೆ ಮಾತ್ರ ಪ್ರಮೆಯ ಪದವಿಯನ್ನು ಕೊಟ್ಟಿಲ್ಲವೇ? ಸ್ಮೃತಿಗೆ ಪ್ರಾಮಾಣ್ಯವೆಲ್ಲಿಯದು?” ಎಂದು ಕೇಳಬಹುದು. ಪ್ರಶ್ನೆಯು ಒಳ್ಳೆಯದು; ಆದರೆ ಲಕ್ಷಣವನ್ನು ಪೂರ್ತಿಯಾಗಿ ಓದಿದವನು ಅದನ್ನು ಕೇಳಲಾರನು. ಸ್ಮೃತಿಯೆಂದರೆ ಸಂಸ್ಕಾರದಿಂದ ಮಾತ್ರ ಹುಟ್ಟಿದ ಜ್ಞಾನವೆಂದು ಅಲ್ಲಿ ಹೇಳಿದೆ. ಆ “ಮಾತ್ರ” ಎಂಬ ಪದವನ್ನು ಏಕೆ ಇಟ್ಟರು? ಪ್ರತ್ಯಭಿಜ್ಞೆಯನ್ನು ಹೊರಗಿಡಲೆಂದು. “ಇವನೇ ಆ ದೇವದತ್ತನು” ಎಂದು ಗುರುತಿಸುವಾಗ ಕಣ್ಣೂ ಕೆಲಸಮಾಡುತ್ತದೆ, ಸಂಸ್ಕಾರವೂ ಕೆಲಸಮಾಡುತ್ತದೆ. ಅದು ಬರಿಯ ನೆನಪಲ್ಲ. ಸಂಸ್ಕಾರದ ನೆರವನ್ನು ಪಡೆದ ಪ್ರತ್ಯಕ್ಷವೇ. ಬಲ್ಲವನು ಹಳೆಯ ತಟ್ಟೆಯನ್ನು ಕೇಳುವಾಗ ನಡೆಯುವುದು ಇದೇ. ಅವನು ಮನೆಯ ಮೂಲೆಯಲ್ಲಿ ಕುಳಿತು ಹಳೆಯದನ್ನು ಹಲುಬುತ್ತಿಲ್ಲ. ಎದುರಿಗಿರುವ ನಾದವನ್ನೇ ಕೇಳುತ್ತಿದ್ದಾನೆ. ಆದರೆ ಒಂಟಿ ಕಿವಿಯಿಂದ ಕೇಳುತ್ತಿಲ್ಲ.

ಗಂಗೂಬಾಯಿ ಹಾನಗಲ್ಲರವರ ತಟ್ಟೆಗಳನ್ನೇ ನೋಡಿರಿ. 1930ರ ದಶಕದಲ್ಲಿ “ಗಾಂಧಾರಿ” ಎಂಬ ಹೆಸರಿನಿಂದ ಹೊರಬಂದ ಅವರ ಮೊದಲ ತಟ್ಟೆಗಳಲ್ಲಿರುವುದು ಎಳೆಯ, ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಆ ದನಿಯು ಗಂಭೀರವಾಗಿ, ಅಗಲವಾಗಿ, ಗಂಡುದನಿಯ ಹಾಗೆ ಮಾರ್ಪಟ್ಟಿತು. ನಮ್ಮಲ್ಲಿ ಬಹುಮಂದಿ ಕೇಳಿರುವುದು ಆ ದನಿಯನ್ನೇ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಯಂತ್ರದಿಂದ ಅಳೆದರೆ, ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದು ಯಂತ್ರವು ಹೇಳಿದರೂ ಆಶ್ಚರ್ಯವಿಲ್ಲ. ಬಲ್ಲ ಕೇಳುಗನಾದರೋ ಸ್ವರದ ಮೇಲೆ ನಿಲ್ಲುವ ಆ ನಿಲುಗಡೆಯನ್ನು, ಉಸಿರನ್ನು ಹಿಡಿಯುವ ಆ ಹಟವನ್ನು ಹಿಡಿದು “ಇವರೇ ಅವರು” ಎಂದು ಗುರುತಿಸುತ್ತಾನೆ. ಕಂಠವು ಬದಲಾದರೂ ಬದಲಾಗದೆ ಉಳಿದುದು ಯಾವುದೋ ಅದೇ ಅಲ್ಲವೇ ಸಂಗೀತಜ್ಞನು ವಿಮರ್ಶಿಸಬೇಕಾದ ವಸ್ತು?

ಕಾಳಿದಾಸನು ಇದನ್ನು ಬಲ್ಲನು. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ನೇಪಥ್ಯದಿಂದ ಕೇಳಿಬರುತ್ತದೆ. ದುಷ್ಯಂತನಿಗೆ ಹಾಡುವವಳು ಕಾಣುವುದಿಲ್ಲ, ದನಿ ಮಾತ್ರ ಬರುತ್ತದೆ; ನಮ್ಮ ತಟ್ಟೆಯ ಸ್ಥಿತಿಯೂ ಅದೇ. ಶಾಪವಶದಿಂದ ಅವನಿಗೆ ಶಕುಂತಲೆಯ ನೆನಪೇ ಇಲ್ಲ. ಆದರೂ ಹಾಡು ಕೇಳಿ ಅವನ ಮನಸ್ಸು ಕಾರಣವಿಲ್ಲದೆ ಕಳವಳಗೊಳ್ಳುತ್ತದೆ. ಪಕ್ಕದಲ್ಲಿದ್ದ ವಿದೂಷಕನು ಕೇಳುವುದಾದರೋ “ಹಾಡಿನ ಅಕ್ಷರಾರ್ಥವು ತಿಳಿಯಿತೇ?” ಎಂದು. “ತಟ್ಟೆಯಲ್ಲಿರುವಷ್ಟೇ” ಎಂಬವರು ಯಾರ ಪಕ್ಕದಲ್ಲಿ ಕುಳಿತಿದ್ದಾರೆಂಬುದನ್ನು ವಾಚಕರೇ ತೀರ್ಮಾನಿಸಲಿ.

ಇನ್ನು ಯಂತ್ರದ ಕಡೆಗೆ ಬರೋಣ. ಏಕೆಂದರೆ ಪ್ರತಿಪಕ್ಷಿಗಳು ತಮ್ಮ ಕೋಟೆಯೆಂದು ನಂಬಿರುವುದು ಅದನ್ನೇ. 1925ರವರೆಗೆ ಧ್ವನಿಮುದ್ರಣದಲ್ಲಿ ವಿದ್ಯುಚ್ಛಕ್ತಿಯ ಮೈಕು ಇರಲಿಲ್ಲ. ಗಾಯಕನು ಒಂದು ದೊಡ್ಡ ಕಹಳೆಯೊಳಕ್ಕೆ ಬಾಯಿಟ್ಟು ಹಾಡಬೇಕಾಗಿತ್ತು. ಆ ದನಿಯ ಬಲವೇ ತಗಡನ್ನು ನಡುಗಿಸಿ, ತಗಡು ಸೂಜಿಯನ್ನು ಅಲುಗಿಸಿ, ಸೂಜಿಯು ಮೇಣದಲ್ಲಿ ಗೆರೆಯನ್ನು ಕೊರೆಯುತ್ತಿತ್ತು. ಸೆಕೆಂಡಿಗೆ ಸುಮಾರು 250 ಕಂಪನಗಳಿಗಿಂತ ಕೆಳಗಿನದೂ 2500ಕ್ಕಿಂತ ಮೇಲಿನದೂ ಅದರಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಮನುಷ್ಯನ ಎಳೆಯ ಕಿವಿಯು 20,000 ಕಂಪನಗಳವರೆಗೆ ಕೇಳಬಲ್ಲದು. ಕಂಠದ ಮಾಧುರ್ಯ, ದನಿಯ ದುಂಡುತನ, ವ್ಯಂಜನಗಳ ಸ್ಪಷ್ಟತೆ ಇವೆಲ್ಲವೂ ಬಹುಮಟ್ಟಿಗೆ ಮೇಲಿನ ಕಂಪನಗಳಲ್ಲಿರುವುವು. ಯಂತ್ರವು ಅದನ್ನೆಲ್ಲ ಕತ್ತರಿಸಿ, ಹಲಸಿನ ಹಣ್ಣಿನ ತೊಳೆಯನ್ನು ಬಿಟ್ಟು ಬೀಜವನ್ನು ಕೊಟ್ಟ ಹಾಗೆ ಕೊಟ್ಟಿತು. ಬೀಜವನ್ನು ಕಡಿದು ನೋಡಿ “ಹಲಸು ಸಿಹಿಯಲ್ಲ” ಎಂದು ತೀರ್ಪು ಕೊಡುವವರಿಗೆ ಏನು ಹೇಳೋಣ! ತಂಬೂರಿಯ ಶ್ರುತಿಯಂತೂ ಆ ಕಹಳೆಗೆ ಮುಟ್ಟುತ್ತಿದ್ದುದೇ ವಿರಳ. ತಂಬೂರಿಯನ್ನು ಮೀಟುತ್ತ ಬೆಳೆದವನು ಆ ತಟ್ಟೆಯನ್ನು ಕೇಳುವಾಗ ಇಲ್ಲದ ಶ್ರುತಿಯು ಅವನ ಒಳಗೆ ತಾನೇ ನುಡಿಯುತ್ತದೆ. ಗಾಯಕಿಯು ಷಡ್ಜಕ್ಕೆ ಬಂದು ಸೇರಿದಾಗ ಸೇರಿದಳೆಂದು ಅವನಿಗೆ ತಿಳಿಯುತ್ತದೆ. ತಂಬೂರಿಯ ನೆನಪೇ ಇಲ್ಲದವನಿಗೆ ಬತ್ತಲೆ ದನಿಯೊಂದು ಕತ್ತಲೆಯಲ್ಲಿ ಅಲೆದಾಡಿದಂತೆ ತೋರುತ್ತದೆ. ಇವರಿಬ್ಬರಲ್ಲಿ ಯಾರು ಸತ್ಯಕ್ಕೆ ಹತ್ತಿರವಿರುವರು? ಹಾಡಿದವಳು ಶ್ರುತಿಯಲ್ಲಿಯೇ ಹಾಡಿದಳಲ್ಲವೇ?

ನೈಯಾಯಿಕರು ದೂರದಿಂದ ಶ್ರೀಗಂಧದ ಕೊರಡನ್ನು ಕಂಡು “ಪರಿಮಳದ ಗಂಧ” ಎಂದು ಕಣ್ಣಿನಿಂದಲೇ ಅರಿಯುವ ಜ್ಞಾನವನ್ನು ವಿಚಾರಿಸಿದ್ದಾರೆ. ಪರಿಮಳವು ಕಣ್ಣಿಗೆ ವಿಷಯವಲ್ಲ. ಆದರೂ ಹಿಂದೆ ಆಘ್ರಾಣಿಸಿದ್ದವನಿಗೆ ಕಂಡ ಮಾತ್ರದಿಂದಲೇ ಪರಿಮಳವು ಕೂಡಿಬರುತ್ತದೆ. ಇದನ್ನು ಅವರು ಜ್ಞಾನಲಕ್ಷಣವೆಂಬ ಅಲೌಕಿಕ ಸನ್ನಿಕರ್ಷವೆಂದು ಕರೆದು ಪ್ರತ್ಯಕ್ಷದ ಕುಟುಂಬಕ್ಕೆ ಸೇರಿಸಿಕೊಂಡರು. (ವೇದಾಂತಿಗಳು ಇದನ್ನು ಒಪ್ಪುವುದಿಲ್ಲ, ಪರಿಮಳಾಂಶದಲ್ಲಿ ಅದು ಪರೋಕ್ಷವೇ ಎನ್ನುತ್ತಾರೆ. ಆ ಜಗಳವನ್ನು ಈ ಪತ್ರಿಕೆಯಲ್ಲಿ ಎತ್ತಿಕೊಂಡರೆ ಸಂಪಾದಕರು ನನ್ನನ್ನು ಕ್ಷಮಿಸಲಾರರು.) ನನಗೆ ಬೇಕಾದುದು ಇಷ್ಟೇ: ಗಂಧವನ್ನು ಒಮ್ಮೆಯೂ ಮೂಸದವನಿಗೆ ಆ ಕೊರಡು ಬರಿಯ ಸೌದೆ. ಅವನ ಕಣ್ಣಿನಲ್ಲಿ ದೋಷವಿಲ್ಲ. ಆದರೆ ಅವನನ್ನು ಗಂಧದ ಪರೀಕ್ಷಕನನ್ನಾಗಿ ನೇಮಿಸುವವರುಂಟೇ?

ಇದೆಲ್ಲ ಹಳೆಯ ಶಾಸ್ತ್ರವೆಂದು ಮೂಗುಮುರಿಯುವವರು ತಮ್ಮ ಕೈಯಲ್ಲಿರುವ ಟೆಲಿಫೋನನ್ನೇ ಕೇಳಲಿ. ಹಳೆಯ ತಂತಿ ಟೆಲಿಫೋನು ಸೆಕೆಂಡಿಗೆ ಸುಮಾರು 300ರಿಂದ 3400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿದ್ದಿತು. ಗಂಡಸಿನ ಮಾತಿನ ಮೂಲಕಂಪನವಾದರೋ ಸಾಮಾನ್ಯವಾಗಿ 100ರಿಂದ 150ರ ಆಸುಪಾಸಿನಲ್ಲಿರುತ್ತದೆ. ಎಂದರೆ ತಂದೆಯ ದನಿಯ ಬುಡವೇ ಆ ತಂತಿಯಲ್ಲಿ ಬರುತ್ತಿರಲಿಲ್ಲ. ಆದರೂ ಯಾವ ಮಗನೂ “ಅಪ್ಪಾ, ನಿಮ್ಮ ದನಿಯ ಬುಡವೆಲ್ಲಿ?” ಎಂದು ಕೇಳಲಿಲ್ಲ. ಮೇಲಿನ ಕಂಪನಗಳ ಹೊಂದಿಕೆಯಿಂದ ಕೆಳಗಿನದನ್ನು ಮನಸ್ಸೇ ಕಟ್ಟಿಕೊಂಡು, ಅದನ್ನು ಕೇಳಿಯೇ ಕೇಳಿದೆವೆಂದು ನಮಗೆ ಒಪ್ಪಿಸುತ್ತದೆ. ಈ ಕಲ್ಪನೆಯು ಸುಳ್ಳೇ? ಆ ಕಡೆ ಇದ್ದ ತಂದೆಯು ನಿಜವಾಗಿಯೂ ಆ ಮಂದ್ರದಲ್ಲಿಯೇ ಮಾತನಾಡುತ್ತಿದ್ದನಲ್ಲ! ಯಂತ್ರವು ಕಳೆದುದನ್ನು ಮನಸ್ಸು ತುಂಬಿತು. ತುಂಬಿದುದು ಸತ್ಯವಾಗಿಯೇ ಇತ್ತು.

“ತಟ್ಟೆಯಲ್ಲಿರುವಷ್ಟೇ ಕೇಳುತ್ತೇವೆ” ಎಂಬವರು ಕೇಳುತ್ತಿರುವುದು ತಟ್ಟೆಯನ್ನೂ ಅಲ್ಲವೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಯಾವನೋ ಎಲ್ಲಿಯೋ ಸವೆದ ತಟ್ಟೆಯನ್ನು ತನಗೆ ತೋರಿದ ವೇಗದಲ್ಲಿ ತಿರುಗಿಸಿ ಅಂಕೆಗಳನ್ನಾಗಿ ಮಾಡಿರುತ್ತಾನೆ. ಆಮೇಲೆ ಕಡತವನ್ನು ಚಿಕ್ಕದು ಮಾಡಲೆಂದು, ಮನುಷ್ಯನ ಕಿವಿಗೆ ಹೇಗೂ ತಿಳಿಯದೆಂದು ಊಹಿಸಿದ ಅಂಶಗಳನ್ನು ಲೆಕ್ಕಹಾಕಿ ತೆಗೆದುಹಾಕಿರುತ್ತಾರೆ. ನಮ್ಮ ಫೋನುಗಳಲ್ಲಿ ಓಡಾಡುವ ಎಂಪಿತ್ರೀ ಕಡತಗಳ ತತ್ತ್ವವೇ ಅದು. ಕೇಳುವವನ ಮನಸ್ಸು ಹೇಗೆ ನಡೆಯುವುದೆಂಬ ಊಹೆಯ ಮೇಲೆಯೇ ಕಟ್ಟಿದ ವಸ್ತುವನ್ನು ಕೈಯಲ್ಲಿ ಹಿಡಿದು, ಮನಸ್ಸಿಗೆ ಇಲ್ಲಿ ಕೆಲಸವಿಲ್ಲವೆಂದು ವಾದಿಸುವುದು ವಿನೋದವಾಗಿಲ್ಲವೇ?

ಕಲ್ಪನೆಯು ಏನನ್ನು ಮಾಡಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ಕಿರಾಣಾ ಸಂಪ್ರದಾಯದ ಅಬ್ದುಲ್ ಕರೀಂ ಖಾನ್ ಸಾಹೇಬರು 1937ರಲ್ಲಿ ಪುದುಚೇರಿಯ ದಾರಿಯಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ವರ್ಷಗಳ ಮುಂಚೆ ಅವರು ಹಾಡಿದ ಝಿಂಝೋಟಿಯ ಠುಮರಿಯ ತಟ್ಟೆಯೊಂದನ್ನು ಗದಗಿನ ಹುಡುಗನೊಬ್ಬನು ಅಂಗಡಿಯ ಮುಂದೆ ನಿಂತು ಕೇಳಿದನು. 1933ರಲ್ಲಿ, ಹನ್ನೊಂದು ವರ್ಷದವನು, ಸಂಗೀತವನ್ನು ಹುಡುಕಿಕೊಂಡು ಮನೆಯನ್ನು ಬಿಟ್ಟು ಹೊರಟನು. ಆ ಹುಡುಗನೇ ಭೀಮಸೇನ ಜೋಶಿ. ತಟ್ಟೆಯಲ್ಲಿದ್ದುದು ಮೂರು ನಿಮಿಷದ ಸದ್ದು. ಅದರಲ್ಲಿ ಸಭೆಯಿರಲಿಲ್ಲ, ಗಂಟೆಗಟ್ಟಲೆಯ ವಿಸ್ತಾರವಿರಲಿಲ್ಲ. ವೃದ್ಧಾಪ್ಯಕ್ಕೆ ಕಾಲಿಟ್ಟ ಗಾಯಕನೊಬ್ಬನ ದನಿಯ ನೆರಳು ಮಾತ್ರ ಇತ್ತು. “ಇರುವಷ್ಟನ್ನೇ” ಆ ಹುಡುಗನು ಕೇಳಿದ್ದರೆ ದನಿ ಸ್ವಲ್ಪ ಅನುನಾಸಿಕವಾಗಿದೆ ಎಂದುಕೊಂಡು ಮನೆಗೆ ಹೋಗಿ ಊಟಮಾಡಿ ಮಲಗುತ್ತಿದ್ದನು. ಅವನು ಕೇಳಿದುದು ತಟ್ಟೆಯಲ್ಲಿ ಹಿಡಿಯದೆ ಹೋದುದನ್ನು. ಆ ಕೇಳುವಿಕೆಯು ಹುಸಿಯಾಗಿತ್ತೇ? ಊರೂರು ಅಲೆದು ಅವನು ಕೊನೆಗೆ ಸೇರಿದುದು ಕುಂದಗೋಳದ ಸವಾಯಿ ಗಂಧರ್ವರ ಮನೆಯನ್ನು. ಅವರು ಅದೇ ಖಾನ್ ಸಾಹೇಬರ ಶಿಷ್ಯರು. ನೆರಳಿನಲ್ಲಿ ಅವನು ಕಲ್ಪಿಸಿಕೊಂಡಿದ್ದ ಮೂರ್ತಿಯು ಅಲ್ಲಿ ನಿಜವಾಗಿಯೇ ಇತ್ತು.

“ಹಾಗಾದರೆ ಯಾರು ಏನನ್ನು ಬೇಕಾದರೂ ಕೇಳಿದೆನೆನ್ನಬಹುದೇ? ಭಕ್ತನು ಕಾಗೆಯ ಕೂಗಿನಲ್ಲಿ ಸಾಮಗಾನವನ್ನು ಕೇಳುತ್ತಾನೆ, ಅದನ್ನೂ ಪ್ರಮಾಣವೆನ್ನೋಣವೇ?” ಎಂಬ ಆಕ್ಷೇಪವು ಇದಕ್ಕೆ ಬರುತ್ತದೆ. ಇದು ಬಲವಾದ ಆಕ್ಷೇಪ. ಕಲ್ಪನೆಯು ವಂಚಿಸುವುದುಂಟು. ಅಮೆರಿಕದಲ್ಲಿ ಎಡಿಸನ್ನನ ಕಂಪೆನಿಯವರು 1915ರಿಂದ ಸುಮಾರು ಹತ್ತು ವರ್ಷ ಊರೂರಿನಲ್ಲಿಯೂ ಒಂದು ಪ್ರದರ್ಶನವನ್ನು ನಡೆಸಿದರು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ದೀಪವನ್ನು ತಗ್ಗಿಸಿದ ಮೇಲೆ ಹಾಡುತ್ತಿರುವುದು ಗಾಯಕಿಯೋ ಯಂತ್ರವೋ ಎಂದು ಜನರು ಹೇಳಲಾರದೆ ಹೋದರು. ಮೇಲೆ ಹೇಳಿದ ಕಹಳೆಯ ಯಂತ್ರವೇ ಅದು! ಆ ಗಾಯಕಿಯರಲ್ಲಿ ಒಬ್ಬಳಾದ ಅನ್ನಾ ಕೇಸ್ ಎಂಬುವಳು ಬಹುಕಾಲದ ಮೇಲೆ, ತಾನು ಯಂತ್ರದ ದನಿಗೆ ಹೊಂದುವಂತೆ ತನ್ನ ದನಿಯನ್ನೇ ಮಾರ್ಪಡಿಸಿಕೊಂಡು ಹಾಡುತ್ತಿದ್ದುದಾಗಿ ಹೇಳಿದಳು. ಇಂದಿಗೂ ಲಕ್ಷಾಂತರ ರೂಪಾಯಿಗಳನ್ನು ಸುರಿದು ಸ್ಪೀಕರುಗಳನ್ನು ಕೊಂಡವರು, ಬೆಲೆಚೀಟಿಯನ್ನು ಕಂಡ ಕಣ್ಣು ಹೇಳಿಕೊಟ್ಟುದನ್ನೇ ತಮ್ಮ ಕಿವಿಯ ತೀರ್ಪೆಂದು ಹೊಗಳಿಕೊಳ್ಳುತ್ತಾರೆ. ಅಂತಹವರಿಗೆ ಯಾವ ಯಂತ್ರವೆಂದು ತಿಳಿಸದೆ ಪರದೆಯ ಹಿಂದಿನಿಂದ ನುಡಿಸಿ ಪರೀಕ್ಷಿಸುವುದೇ ತಕ್ಕ ಚಿಕಿತ್ಸೆ. ಅದರಲ್ಲಿ ನನಗೆ ವಿವಾದವಿಲ್ಲ. ಆದರೆ ಆ ಪರೀಕ್ಷೆಯಿಂದ ಎರಡು ಪಾತ್ರೆಗಳಿಗೆ ಭೇದವುಂಟೋ ಇಲ್ಲವೋ ತಿಳಿಯುತ್ತದೆಯೇ ಹೊರತು, ಪಾಯಸದ ರುಚಿಯು ತಿಳಿಯುವುದಿಲ್ಲ.

ಆದುದರಿಂದ ಕೇಳಬೇಕಾದ ಪ್ರಶ್ನೆಯು ಎಂತಹ ಕಲ್ಪನೆ ಎಂಬುದು. ಕುಂಬಾರನು ಮಡಕೆಯ ಚೂರನ್ನು ಕಂಡು ಇಡೀ ಮಡಕೆಯನ್ನು ಮನಸ್ಸಿನಲ್ಲಿ ಕಾಣುತ್ತಾನೆ. ಮಗುವು ಅದೇ ಚೂರನ್ನು ಕಂಡು ದೋಣಿಯೆನ್ನುತ್ತದೆ. ಎರಡೂ ಕಲ್ಪನೆಯೇ. ಚೂರಿನ ಬಾಗನ್ನು ಕುಂಬಾರನು ಬಿಡುವುದಿಲ್ಲ. ಮಗುವು ಅದನ್ನು ನೋಡಿಯೇ ಇಲ್ಲ. ಹಳೆಯ ತಟ್ಟೆಯನ್ನು ವಿಮರ್ಶಿಸುವವನ ಕಲ್ಪನೆಯು ಕುಂಬಾರನದಾಗಿರತಕ್ಕದ್ದು. ಗಮಕದ ತಿರುವು, ಉಸಿರು ಒಡೆದ ಜಾಗ, ಸ್ವರಕ್ಕೆ ಬಂದು ಸೇರುವ ದಾರಿ ಇವು ತಟ್ಟೆಯಲ್ಲಿ ಉಳಿದಿವೆ. ಅವುಗಳಿಗೆ ವಿರುದ್ಧವಾದುದನ್ನು ಅವನು ಕಲ್ಪಿಸಲಾಗದು. ಯಂತ್ರವು ಯಾವುದನ್ನು ಕಳೆಯುತ್ತದೆ, ಯಾವುದನ್ನು ಕೆಡಿಸುತ್ತದೆ ಎಂಬುದನ್ನೂ ಅವನು ಅರಿತಿರಬೇಕು.

ಇದಕ್ಕೆ ಒಂದು ದೃಷ್ಟಾಂತ. ಹಳೆಯ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುವುವೆಂದು ಹೇಳುವುದು ವಾಡಿಕೆ. ಆರಂಭಕಾಲದಲ್ಲಿ ಅಂತಹ ಕಟ್ಟುನಿಟ್ಟು ಇರಲಿಲ್ಲ; ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಮೇಲಿನವರೆಗೂ ವೇಗವು ಬೇರೆಬೇರೆಯಾಗಿತ್ತು. 72 ಸುತ್ತಿನಲ್ಲಿ ಮುದ್ರಿಸಿದ ತಟ್ಟೆಯನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯು ಒಂದು ಸ್ವರಸ್ಥಾನಕ್ಕಿಂತ ಹೆಚ್ಚಾಗಿಯೇ ಏರುತ್ತದೆ, ಕಾಲವೂ ಅಷ್ಟೇ ಓಡುತ್ತದೆ, ಕಂಠವು ಕಿರಿದಾಗುತ್ತದೆ. ಅದನ್ನು ಕೇಳಿ “ಹಿಂದಿನವರು ಎತ್ತರದ ಶ್ರುತಿಯಲ್ಲಿ, ಅವಸರದ ಕಾಲದಲ್ಲಿ, ಕೀಚಲಾಗಿ ಹಾಡುತ್ತಿದ್ದರು” ಎಂದು ದೊಡ್ಡ ಸಿದ್ಧಾಂತವನ್ನು ಕಟ್ಟುವವರುಂಟು. ಇವರು ಕಿವಿಯನ್ನು ನಂಬಿದರು, ಯಂತ್ರವನ್ನು ನಂಬಿದರು. ಮನುಷ್ಯರ ಕಂಠವು ಹೇಗಿರುತ್ತದೆಂಬ ತಮ್ಮ ನೆನಪನ್ನು ಮಾತ್ರ ನಂಬಲಿಲ್ಲ. ಅದನ್ನು ನಂಬಿದ್ದರೆ “ಈ ವ್ಯಂಜನಗಳು ಇಷ್ಟು ಬೇಗ ಯಾವ ನಾಲಗೆಯಿಂದಲೂ ಹೊರಡಲಾರವು” ಎಂಬ ಸಂಶಯವು ಹುಟ್ಟಿ, ವೇಗವನ್ನು ತಗ್ಗಿಸಿ ನೋಡುತ್ತಿದ್ದರು.

ಇದಕ್ಕಿಂತಲೂ ಹೆಚ್ಚಿನ ಹಾನಿಯಾಗುತ್ತಿರುವುದು ಮತ್ತೊಂದು ಕಡೆಯಲ್ಲಿ. ಹಳೆಯ ತಟ್ಟೆಗಳ ಚರಚರ ಸದ್ದು ಕೇಳಲಾಗದೆಂದು ಕಂಪ್ಯೂಟರಿನಿಂದ ಅದನ್ನು ತೊಳೆದು “ಶುದ್ಧ” ಮಾಡಿ ಹಂಚುವುದು ಈಗ ದೊಡ್ಡ ಸೇವೆಯೆನಿಸಿದೆ. ಮಿತಿಯಲ್ಲಿದ್ದರೆ ಅದು ಸೇವೆಯೇ. ಆದರೆ 1970ರಲ್ಲಿ ರಿಚರ್ಡ್ ವಾರನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಪ್ರಕಟಿಸಿದ ಪರೀಕ್ಷೆಯನ್ನು ಈ ಶುದ್ಧೀಕರಣದ ಪುರೋಹಿತರು ಒಮ್ಮೆ ಓದಬೇಕು. ಅವನು ಒಂದು ವಾಕ್ಯದ ಮುದ್ರಿಕೆಯಲ್ಲಿ ಒಂದು ಅಕ್ಷರದ ಧ್ವನಿಯನ್ನು ಪೂರ್ತಿಯಾಗಿ ಕತ್ತರಿಸಿ ಆ ಜಾಗದಲ್ಲಿ ಕೆಮ್ಮಿನ ಸದ್ದನ್ನು ಸೇರಿಸಿದನು. ಕೇಳಿದವರೆಲ್ಲರೂ ಬಹುಮಟ್ಟಿಗೆ ಯಾವ ಅಕ್ಷರವೂ ಬಿಟ್ಟುಹೋಗಿಲ್ಲವೆಂದರು. ಕೆಮ್ಮು ಎಲ್ಲಿ ಬಂದಿತೆಂಬುದನ್ನು ಸಹ ಸರಿಯಾಗಿ ತೋರಿಸಲಾರದೆ ಹೋದರು. ಅದೇ ಜಾಗವನ್ನು ಕೆಮ್ಮಿಲ್ಲದೆ ಬರಿದಾಗಿ ಬಿಟ್ಟರೆ ಲೋಪವು ಕೂಡಲೇ ತಿಳಿಯುತ್ತದೆ. ಸದ್ದಿನ ಮರೆಯಿದ್ದಲ್ಲಿ ಮನಸ್ಸು ಹಿಂದುಮುಂದಿನದನ್ನು ನೆನೆದು ಎಳೆಯನ್ನು ಕೂಡಿಸುತ್ತದೆ. ಬರಿಯ ಮೌನವಿದ್ದಲ್ಲಿ ಕೂಡಿಸುವುದಿಲ್ಲ. ಈಗ ತಟ್ಟೆಯ ಚರಚರವನ್ನು ಅತಿಯಾಗಿ ಉಜ್ಜಿ ತೆಗೆದಾಗ ಅದರೊಡನೆ ದನಿಯ ಸಣ್ಣ ಎಳೆಗಳೂ ಹೋಗುತ್ತವೆ. ಹೋದ ಜಾಗದಲ್ಲಿ ಉಳಿಯುವುದು ಮೌನ. ಮನಸ್ಸು ಪರದೆಯ ಹಿಂದೆ ಕಾಣುತ್ತಿದ್ದ ಮುಖವನ್ನು, ಪರದೆಯೊಡನೆಯೇ ಕಿತ್ತು ಹಾಕಿದ ಹಾಗಾಯಿತು. ಹೀಗೆ ತೊಳೆದ ಹಾಡನ್ನು ಕೇಳಿದವನಿಗೆ ಗಾಯಕನ ದನಿ ನೀರಿನೊಳಗಿಂದ ಬಂದಂತೆ ತೋರುತ್ತದೆ. ತಪ್ಪು ಗಾಯಕನ ತಲೆಗೆ ಬರುತ್ತದೆ.

ಹಿರಿಯರಲ್ಲಿ ಇನ್ನೊಂದು ಪಂಥವುಂಟು. ತಟ್ಟೆಯೆಂದರೆ ಹೆಣ, ಅದರಲ್ಲಿ ಏನೂ ಇಲ್ಲ, ನಾವು ಕೇಳಿದ್ದೇ ಕೇಳಿದ್ದು ಎಂದು ಇವರು ಕೈತೊಳೆದುಕೊಳ್ಳುತ್ತಾರೆ. ಇವರ ಸ್ಮೃತಿಯು ಸಂಸ್ಕಾರಮಾತ್ರದಿಂದ ಹುಟ್ಟಿದುದು. ಎದುರಿನ ನಾದಕ್ಕೆ ಒರೆಹಚ್ಚಲು ಒಪ್ಪದ ನೆನಪು ವರ್ಷವರ್ಷಕ್ಕೆ ತಾನೇ ಕೊಬ್ಬುತ್ತ ಹೋಗುತ್ತದೆ. ತರುಣರು ನಗುವುದಕ್ಕೆ ಅರ್ಧ ಕಾರಣ ಇವರೇ. ಇವರ ವಿಷಯದಲ್ಲಿ ಹೆಚ್ಚು ಹೇಳುವುದು ಬೇಡ.

ಹೇಳಬೇಕಾದುದು ಇವರ ಕೈಯಲ್ಲಿ ಉಳಿದಿರುವ ಕಾಲದ ವಿಷಯ. ಗೌಹರ್ ಜಾನಳನ್ನು ಎದುರಿಗೆ ಕುಳಿತು ಕೇಳಿದವರು ಇಂದು ಯಾರೂ ಇಲ್ಲ. ಪಿಟೀಲು ಚೌಡಯ್ಯನವರು 1967ರಲ್ಲಿ ಹೋದರು. ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದವು ಮುಟ್ಟಲೆಂದು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಅವರು ನುಡಿಸಿದರು. ಆ ನಾದವು ಸಭಾಮಂಟಪವನ್ನು ಹೇಗೆ ತುಂಬುತ್ತಿತ್ತೆಂಬುದು ಯಾವ ಮುದ್ರಿಕೆಯಲ್ಲಿಯೂ ಇಲ್ಲ. ಅದನ್ನು ಬಲ್ಲವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ, ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರು 1997ರಲ್ಲಿ ತೀರಿಕೊಂಡರು. ಅವರನ್ನು ಹತ್ತಿರದಿಂದ ಕೇಳಿದವರು ಪ್ರತಿಯೊಂದು ಜಿಲ್ಲೆಯಲ್ಲಿಯೂ ಇನ್ನೂ ಇದ್ದಾರೆ. ತಟ್ಟೆಯನ್ನು ಓದುವ ಕಣ್ಣು ಇವರ ಸ್ಮೃತಿಯೇ. ತಟ್ಟೆಗಳನ್ನು ಸಂಗ್ರಹಿಸುವ ಸಂಘಗಳವರು ತಟ್ಟೆಯ ಸಂಖ್ಯೆಯನ್ನೂ ಕಂಪೆನಿಯ ಹೆಸರನ್ನೂ ಬರೆದಿಟ್ಟುಕೊಂಡು ತಮ್ಮ ಕೆಲಸವು ಮುಗಿಯಿತೆಂದು ತಿಳಿಯುತ್ತಾರೆ. ಕೇಳಿದ ಹಿರಿಯರನ್ನು ಕರೆದು ಕೂರಿಸಿ, ಅದೇ ತಟ್ಟೆಯನ್ನು ಅವರ ಎದುರಿನಲ್ಲಿ ನುಡಿಸಿ, “ಇಲ್ಲಿ ಯಾವುದು ಹಾಗೆಯೇ ಇದೆ, ಯಾವುದು ಕಾಣೆಯಾಗಿದೆ?” ಎಂದು ಕೇಳಿ ಅವರ ಮಾತನ್ನು ತಟ್ಟೆಯ ಜೊತೆಯಲ್ಲಿಯೇ ಮುದ್ರಿಸಿಡುವ ಸಂಘವೆಷ್ಟು? ತರುಣರು ಅವರ ಸಾಕ್ಷ್ಯವನ್ನು ಪ್ರಶ್ನಿಸಲಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಒರೆಹಚ್ಚಲಿ. ನಂಬಲೇಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಸಾಕ್ಷಿಯನ್ನು ಕರೆಯುವುದಕ್ಕೆ ಮುಂಚೆಯೇ ಸುಳ್ಳನೆಂದು ತೀರ್ಮಾನಿಸುವ ನ್ಯಾಯಸ್ಥಾನವನ್ನು ನಾನು ಕಂಡಿಲ್ಲ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಕೆಲವರ ಅಟ್ಟದ ಮೇಲಾದರೂ ಹಳೆಯ ತಟ್ಟೆಗಳ ಪೆಟ್ಟಿಗೆಯೊಂದು ಇರಬಹುದು. ಅದನ್ನು ಹಳೆಯ ಸಾಮಾನಿನವನಿಗೆ ಹಾಕಬೇಡಿರಿ. ತೊಳೆದ ಪ್ರತಿಯು ಫೋನಿನಲ್ಲಿ ಸಿಕ್ಕಿತೆಂದು ಮೂಲವನ್ನು ಬಿಸಾಡಲೂಬೇಡಿರಿ. ಅವು ಅರಗಿನಿಂದ ಮಾಡಿದುವು. ಕೈಜಾರಿದರೆ ಒಡೆಯುತ್ತವೆ, ಬಿಸಿಲು ತಗಲಿದರೆ ಬಾಗುತ್ತವೆ. ಮಲಗಿಸಿ ಒಂದರ ಮೇಲೊಂದನ್ನು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು. ಈಚಿನ ಉದ್ದಹಾಡಿನ ತಟ್ಟೆಗಳಿಗೆಂದು ಮಾಡಿದ ಸಣ್ಣ ಸೂಜಿಯು ಇವುಗಳ ಅಗಲವಾದ ಗೆರೆಯಲ್ಲಿ ತಳವನ್ನು ಕೆರೆದು ಇಲ್ಲದ ಸದ್ದನ್ನು ಎಬ್ಬಿಸುತ್ತದೆ. ಇವುಗಳಿಗೆ ತಕ್ಕ ದಪ್ಪ ಸೂಜಿಯನ್ನೇ ಹಾಕಬೇಕು. ಧೂಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಸ್ಪಿರಿಟ್ಟನ್ನು ಮಾತ್ರ ಮುಟ್ಟಿಸಕೂಡದು. ಅರಗು ಅದರಲ್ಲಿ ಕರಗಿಹೋಗುತ್ತದೆ. ಮನೆಯಲ್ಲಿ ಅಜ್ಜಿಯಿದ್ದರೆ, ಆ ತಟ್ಟೆಯನ್ನು ಹಾಕಿ, ಪಕ್ಕದಲ್ಲಿ ಕುಳಿತು, ಆಕೆ ಏನು ಹೇಳುತ್ತಾಳೆಂಬುದನ್ನು ಲಕೋಟೆಯ ಹಿಂದೆ ತಾರೀಖು ಸಹಿತ ಬರೆದಿಡಿರಿ.